ಒಂದು ಚಿತ್ರ, ಎರಡು ಪರದೆ: ಅನಲಾಗ್ ವಿಡಿಯೋ ಹಂಚಿಕೆಯ ಲೆಕ್ಕ

ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯವು 2022ರ ಫೆಬ್ರವರಿ 9ರಂದು ಡ್ರೋನುಗಳ ಆಮದನ್ನು, ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಉದ್ದೇಶಗಳನ್ನು ಹೊರತುಪಡಿಸಿ, ನಿಷೇಧಿಸಿತು. ಬಿಡಿಭಾಗಗಳ ಆಮದಿಗೆ ಮಾತ್ರ ಯಾವ ಅನುಮತಿಯೂ ಬೇಕಿಲ್ಲವೆಂದು ಅದೇ ಅಧಿಸೂಚನೆ ತಿಳಿಸಿತು. ಜೋಡಣೆ, ದುರಸ್ತಿ ಹಾಗೂ ಪೂರಕ ಉಪಕರಣಗಳ ಕೆಲಸ ಇದರಿಂದ ಸಣ್ಣ ಕಾರ್ಯಾಗಾರಗಳಿಗೂ ನಿಲುಕುವಂತಾಯಿತು. ಬನಶಂಕರಿ ಮೂರನೇ ಹಂತ, ಕುಮಾರಸ್ವಾಮಿ ಬಡಾವಣೆಗಳಲ್ಲಿ ದೊಡ್ಡ ಇಂಜಿನಿಯರಿಂಗ್ ಕಾಲೇಜುಗಳಿವೆ, ಬಿಡಿಭಾಗಗಳಿಗೆ ಎಸ್.ಪಿ. ರಸ್ತೆ ದೂರವಿಲ್ಲ. ದಕ್ಷಿಣ ಬೆಂಗಳೂರಿನ ಸಣ್ಣ ತಯಾರಕರು ಗಮನಿಸಬಹುದಾದ ಒಂದು ಪುಟ್ಟ ಉಪಕರಣವೆಂದರೆ ವಿಡಿಯೋ ಹಂಚುವ ಪೆಟ್ಟಿಗೆ.

ಹವ್ಯಾಸಿ ಡ್ರೋನಿನ ಕ್ಯಾಮೆರಾ ಕಳುಹಿಸುವ ಅನಲಾಗ್ ಚಿತ್ರವನ್ನು ನೆಲದ ಮೇಲಿನ ರಿಸೀವರ್ ಹಿಡಿದು, ಹಾರಿಸುವವನ ಕನ್ನಡಕ-ಪರದೆಗೆ ತಲುಪಿಸುತ್ತದೆ. ಡಿಜಿಟಲ್ ವ್ಯವಸ್ಥೆಗಳು ಬಂದಿದ್ದರೂ ಅಗ್ಗ, ಹಗುರ ಮತ್ತು ಅತ್ಯಲ್ಪ ವಿಳಂಬ ಎಂಬ ಕಾರಣಗಳಿಂದ ಅನಲಾಗ್ ಇನ್ನೂ ಬಳಕೆಯಲ್ಲಿದೆ. ಗ್ರಾಹಕನು ಕೇಳುವುದು ಸರಳ ಸೌಲಭ್ಯ: ಅದೇ ಚಿತ್ರ ಇನ್ನೊಂದು ಪರದೆಯಲ್ಲಿಯೂ ಮೂಡಬೇಕು, ಸಾಧ್ಯವಾದರೆ ದಾಖಲೂ ಆಗಬೇಕು. ಅಂಗಡಿಯವರು ಸಾಮಾನ್ಯವಾಗಿ ಕವಲು ತಂತಿಯೊಂದನ್ನು ಕೊಟ್ಟು ಕಳುಹಿಸುತ್ತಾರೆ. ತಕರಾರು ಅಲ್ಲಿಂದಲೇ ಆರಂಭ.

ಅನಲಾಗ್ ವಿಡಿಯೋ ಸಂಕೇತದ ಪ್ರಮಾಣ 1 ವೋಲ್ಟ್; ಅದು 75 ಓಮ್‌ನ ಒಂದೇ ಹೊರೆಗೆಂದು ನಿಗದಿಯಾದದ್ದು. ಕವಲು ತಂತಿಯಿಂದ ಎರಡು ಪರದೆಗಳನ್ನು ಜೋಡಿಸಿದರೆ ಹೊರೆ 37.5 ಓಮ್‌ಗೆ ಇಳಿದು, ಸಂಕೇತ ಸುಮಾರು 0.67 ವೋಲ್ಟಿಗೆ ಕುಸಿಯುತ್ತದೆ. ಚಿತ್ರದ ಸಾಲುಗಳನ್ನು ಹಿಡಿದು ನಿಲ್ಲಿಸುವ 0.3 ವೋಲ್ಟಿನ ಸಿಂಕ್ ಭಾಗವೂ 0.2ಕ್ಕೆ ಬರುತ್ತದೆ. ಅಂಗಡಿಯ ಮೇಜಿನ ಮೇಲೆ ಚಿತ್ರ ತುಸು ಮಂಕಾಗಿ ಕಾಣಬಹುದು, ಅಷ್ಟೇ. ಮೈದಾನದಲ್ಲಿ ರೇಡಿಯೋ ಸಂಕೇತ ದುರ್ಬಲವಾದ ಕ್ಷಣದಲ್ಲಿ ಚಿತ್ರ ಹರಿದು ಹೋಗುತ್ತದೆ. ಹಾರಿಸುವವನಿಗೆ ಅದೊಂದೇ ಕಣ್ಣು. ಮುರಿದ ಡ್ರೋನಿನೊಂದಿಗೆ ಗ್ರಾಹಕ ಹಿಂದಿರುಗಿದರೆ ಕವಲು ತಂತಿಯ ಲಾಭಾಂಶ ಯಾವ ಮೂಲೆಗೂ ಸಾಲದು.

ಪರಿಹಾರ ಹಳೆಯದೇ. ಸಂಕೇತವನ್ನು ಎರಡರಷ್ಟು ವರ್ಧಿಸಿ, ಪ್ರತಿ ಹೊರದಾರಿಗೂ ಪ್ರತ್ಯೇಕವಾಗಿ 75 ಓಮ್ ರೆಸಿಸ್ಟರ್ ಇಟ್ಟರೆ ಪ್ರತಿಯೊಂದು ಪರದೆಗೂ ಪೂರ್ಣ 1 ವೋಲ್ಟ್ ದೊರೆಯುತ್ತದೆ. ಜಯನಗರ, ಬಿ.ಟಿ.ಎಂ. ಬಡಾವಣೆಯ ಮಳಿಗೆಗಳಿಗೆ ಹಿಂದೆ ಅನಲಾಗ್ ಸಿ.ಸಿ. ಕ್ಯಾಮೆರಾ ಅಳವಡಿಸುತ್ತಿದ್ದ ತಂತ್ರಜ್ಞರಿಗೆ ಇದು ಹೊಸ ವಿದ್ಯೆಯಲ್ಲ. ಅವರ ಅನುಭವ ಈಗ ಬಹುತೇಕ ನಿರುಪಯೋಗವಾಗಿ ಬಿದ್ದಿರುವುದು ವಿಷಾದದ ಸಂಗತಿ.

ಸಂಕೇತವನ್ನು ಬದಲಾಯಿಸುವ ಸ್ವಿಚ್ ಇನ್ನೂ ಸೂಕ್ಷ್ಮವಾದುದು. ಎರಡು ಆಂಟೆನಾಗಳ ಎರಡು ರಿಸೀವರುಗಳಲ್ಲಿ ಪ್ರಬಲವಾದುದನ್ನು ಆರಿಸುವಾಗ ಮೂಲ ಕ್ಯಾಮೆರಾ ಒಂದೇ ಆದ್ದರಿಂದ ಸಿಂಕ್ ತಪ್ಪುವುದಿಲ್ಲ. ಆದರೆ ಎರಡು ಬೇರೆ ಕ್ಯಾಮೆರಾಗಳ ನಡುವೆ ಬದಲಾಯಿಸಿದಾಗ ಅವುಗಳ ಸಾಲುಗಳು ಹೊಂದದೆ ಚಿತ್ರ ಕ್ಷಣಕಾಲ ಉರುಳುತ್ತದೆ. ಈ ಮಿತಿಯನ್ನು ಮಾರಾಟಕ್ಕೆ ಮುನ್ನವೇ ಗ್ರಾಹಕನಿಗೆ ತಿಳಿಸುವುದು ಲೇಸು. 4053ರಂತಹ ಅಗ್ಗದ ಸ್ವಿಚ್ ಚಿಪ್ಪಿಗೆ 5 ವೋಲ್ಟಿನಲ್ಲಿ ನೂರಾರು ಓಮ್‌ಗಳ ಸ್ವಂತ ರೋಧವಿರಬಹುದಾದ್ದರಿಂದ, ಅದರ ನಂತರ ವರ್ಧಕ ಇಡದೆ ನೇರವಾಗಿ ಪರದೆಗೆ ಕೊಡುವಂತಿಲ್ಲ.

ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಡ್ರೋನುಗಳಿಗೆಲ್ಲ ಏಕರೂಪವಾಗಿ ಶೇ. 5 ಜಿ.ಎಸ್.ಟಿ. ಅನ್ವಯಿಸಿದೆ, ಅದಕ್ಕೆ ಮುಂಚೆ ಕ್ಯಾಮೆರಾ ಅಡಕವಾಗಿದ್ದವುಗಳಿಗೆ ಶೇ. 18, ವೈಯಕ್ತಿಕ ಬಳಕೆಯವುಗಳಿಗೆ ಶೇ. 28 ಇತ್ತು. ಈ ಇಳಿಕೆಯನ್ನು ಕಂಡು ರಿಸೀವರ್, ವಿಡಿಯೋ ಪೆಟ್ಟಿಗೆಗಳನ್ನೂ ‘ಡ್ರೋನ್ ಬಿಡಿಭಾಗ’ವೆಂದು ಶೇ. 5ರಲ್ಲಿ ಬಿಲ್ ಮಾಡುವ ಆಸೆ ಸಹಜ. ಆದರೆ ಸುಂಕ ಪಟ್ಟಿಯ 17ನೇ ವಿಭಾಗದ ಎರಡನೇ ಟಿಪ್ಪಣಿಯು 85ನೇ ಅಧ್ಯಾಯದ ವಿದ್ಯುತ್ ಉಪಕರಣಗಳನ್ನು ಬಿಡಿಭಾಗಗಳ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆ ಅಧ್ಯಾಯದ ಬಹುಪಾಲು ವಸ್ತುಗಳಿಗೆ ಶೇ. 18 ದರವಿದೆ. ವ್ಯತ್ಯಾಸದ ಶೇ. 13ನ್ನು ಮುಂದೆ ತುಂಬಬೇಕಾಗಿ ಬಂದರೆ, ಗ್ರಾಹಕನಿಂದ ಅದನ್ನು ವಸೂಲು ಮಾಡುವ ದಾರಿ ಇರುವುದಿಲ್ಲ. ಮೇಲೆ ವಾರ್ಷಿಕ ಶೇ. 18ರ ಬಡ್ಡಿ. ಪೆಟ್ಟಿಗೆಯ ಮೊದಲ ಬಿಲ್ ಬರೆಯುವ ಮುನ್ನ ಎಚ್.ಎಸ್.ಎನ್. ಸಂಖ್ಯೆಯನ್ನು ತೆರಿಗೆ ಸಲಹೆಗಾರರಿಂದ ಲಿಖಿತವಾಗಿ ಪಡೆದು ಕಡತದಲ್ಲಿ ಇರಿಸಿಕೊಳ್ಳತಕ್ಕದ್ದು.