ತಾಣ ಬಾಡಿಗೆಯದು, ಹೆಸರು ಸ್ವಂತದ್ದು

ಜಾಲತಾಣವನ್ನು ಕಟ್ಟುವುದು ಒಂದು ಕಾಲದಲ್ಲಿ ಗಣಕದ ಭಾಷೆ ಬಲ್ಲ ಕೆಲವರಿಗೆ ಮಾತ್ರ ಒಲಿದ ವಿದ್ಯೆಯಾಗಿತ್ತು. 2003ರಲ್ಲಿ ಅಮೆರಿಕದ ಸ್ಕ್ವೇರ್‌ಸ್ಪೇಸ್, 2006ರಲ್ಲಿ ಇಸ್ರೇಲಿನ ವಿಕ್ಸ್ ಮೊದಲಾದ ಸಂಸ್ಥೆಗಳು ಹುಟ್ಟಿದ ಮೇಲೆ ಆ ವಿದ್ಯೆಯ ಹಂಗು ತಪ್ಪಿತು. ಸಿದ್ಧಮಾದರಿಯೊಂದನ್ನು ಆರಿಸಿ, ಚಿತ್ರವನ್ನೂ ಬರಹವನ್ನೂ ಬೇಕಾದೆಡೆಗೆ ಎಳೆದಿಟ್ಟರೆ ಸಣ್ಣ ವ್ಯಾಪಾರಿಯೂ ತನ್ನ ತಾಣವನ್ನು ತಾನೇ ಕಟ್ಟಿಕೊಳ್ಳಬಲ್ಲ. ತೊಡಕು ಎದುರಾಗುವುದು ದರಪಟ್ಟಿಯನ್ನು ತೆರೆದಾಗ. ಅಲ್ಲಿ ನಾಲ್ಕೈದು ಪ್ಲಾನುಗಳು ಸಾಲಾಗಿ ನಿಂತಿರುತ್ತವೆ; ನಡುವಿನದೊಂದರ ನೆತ್ತಿಯ ಮೇಲೆ ‘ಬಹುಜನ ಮೆಚ್ಚಿದ್ದು’ ಎಂಬ ಪಟ್ಟಿ. ಬಹುಜನರಿಗೆ ಬೇಕಾದುದು ತನಗೂ ಬೇಕೆ ಎಂದು ಕೇಳಿಕೊಳ್ಳುವವರು ವಿರಳ.

ಮೊದಲನೆಯ ಮೆಟ್ಟಿಲು ಉಚಿತ. ಆದರೆ ವಿಕ್ಸ್‌ನ ಉಚಿತ ತಾಣದಲ್ಲಿ ಆ ಸಂಸ್ಥೆಯ ಜಾಹೀರಾತು ಇರುತ್ತದೆ. ವಿಳಾಸಕ್ಕೂ ಅದರ ಹೆಸರು ಅಂಟಿಕೊಂಡಿರುತ್ತದೆ. ಕೈ ಪಳಗಿಸಿಕೊಳ್ಳುವುದಕ್ಕೆ ಇದು ಸಾಕು, ಹೊಟ್ಟೆಪಾಡಿನ ವ್ಯಾಪಾರಕ್ಕೆ ಸಾಲದು. ಗೂಗಲ್ ಸಂಸ್ಥೆಯು ಸಣ್ಣ ವ್ಯಾಪಾರಿಗಳಿಗೆ ಉಚಿತವಾಗಿ ಒದಗಿಸಿದ್ದ ತಾಣಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿಬಿಟ್ಟಿತು. ಹಳೆಯ ವಿಳಾಸವು ಕೆಲಕಾಲ ಗಿರಾಕಿಗಳನ್ನು ಗೂಗಲ್‌ನ ಪರಿಚಯಪುಟಕ್ಕೆ ಕರೆದೊಯ್ಯುತ್ತಿತ್ತು; ಜೂನ್ 10ರ ಅನಂತರ ಅದೂ ನಿಂತಿತು. ಆ ವಿಳಾಸವನ್ನೇ ಚೀಲ, ಫಲಕ, ರಸೀದಿಗಳ ಮೇಲೆ ಅಚ್ಚು ಹಾಕಿಸಿದ್ದವರ ಪಾಡೇನು? ಸ್ವಂತ ಹೆಸರಿನ ವಿಳಾಸವಿದ್ದವರಾದರೋ ಅದನ್ನು ಹೊಸ ತಾಣದತ್ತ ತಿರುಗಿಸಿಕೊಂಡರೆ ಸಾಕಾಗಿತ್ತು.

ಆದುದರಿಂದ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಹೆಸರು ಯಾರದು ಎಂಬುದು. ಡೊಮೈನ್ ಎಂದು ಕರೆಯುವ ಆ ಹೆಸರು ತಾಣ ಕಟ್ಟಿಕೊಟ್ಟ ನೆಂಟನ ಹೆಸರಿನಲ್ಲಿರದೆ, ವ್ಯಾಪಾರಿಯ ಹೆಸರಿನಲ್ಲಿಯೇ ನೋಂದಣಿಯಾಗಿರಬೇಕು. ಅನೇಕ ವಾರ್ಷಿಕ ಪ್ಲಾನುಗಳಲ್ಲಿ ಅದು ಮೊದಲ ವರ್ಷ ಮಾತ್ರ ಉಚಿತ. ಎರಡನೆಯ ವರ್ಷದಿಂದ ನವೀಕರಣದ ಶುಲ್ಕ ಸೇರುತ್ತದೆ.

ಇನ್ನು ಲೆಕ್ಕದ ಮಾತು. ‘ತಿಂಗಳಿಗೆ ಇಷ್ಟು’ ಎಂದು ದೊಡ್ಡ ಅಕ್ಷರದಲ್ಲಿ ಕಾಣುವ ದರವು ಎಷ್ಟೋ ವೇಳೆ ಇಡೀ ವರ್ಷದ ಹಣವನ್ನು ಒಮ್ಮೆಗೇ ಕಟ್ಟುವವರಿಗೆ ಮಾತ್ರ ಸಲ್ಲುವಂಥದು. ಅದನ್ನು 12ರಿಂದ ಗುಣಿಸಿ, ತೆರಿಗೆಯನ್ನೂ ಹೆಸರಿನ ನವೀಕರಣವನ್ನೂ ಇಮೇಲ್‌ನ ಶುಲ್ಕವನ್ನೂ ಕೂಡಿಸಿದಾಗ ಸಿಗುವುದೇ ನಿಜವಾದ ಬೆಲೆ. ಜಾಗದ ವಿಷಯದಲ್ಲಿ ಹೆದರಬೇಕಾಗಿಲ್ಲ. ತಲಾ 2 ಎಂಬಿಯ 50 ಚಿತ್ರಗಳಿಗೆ ಬೇಕಾಗುವುದು 100 ಎಂಬಿ ಮಾತ್ರ.

ತಾಣದಲ್ಲಿಯೇ ಸರಕು ಮಾರುವವರಿಗೆ ಲೆಕ್ಕ ಬೇರೆ. ಕೆಳಗಿನ ಪ್ಲಾನು ಮಾರಾಟದ ಮೇಲೆ ನೂರಕ್ಕೆ 3ರಂತೆ ಕಮಿಷನ್ ಹಿಡಿಯುತ್ತದೆ, ಮೇಲಿನದು ಹಿಡಿಯುವುದಿಲ್ಲ, ಆದರೆ ತಿಂಗಳಿಗೆ 400 ರೂಪಾಯಿ ಹೆಚ್ಚು ಎಂದು ಇಟ್ಟುಕೊಳ್ಳೋಣ. ತಿಂಗಳ ಮಾರಾಟ 20,000 ರೂಪಾಯಿಯಾದರೆ ಕಮಿಷನ್ 600. ಮೇಲಿನ ಪ್ಲಾನೇ ಅಗ್ಗ. ಮಾರಾಟ 10,000 ರೂಪಾಯಿಯಾದರೆ ಕಮಿಷನ್ 300. ಆಗ ಕೆಳಗಿನದೇ ಲೇಸು. ಹಣ ಪಾವತಿಯ ಶುಲ್ಕವಾದರೋ ಬಹುಮಟ್ಟಿಗೆ ಎರಡರಲ್ಲಿಯೂ ಇದ್ದದ್ದೇ.

ಬಿಡುವ ದಿನದ ಯೋಚನೆಯನ್ನೂ ಸೇರುವ ದಿನವೇ ಮಾಡಬೇಕು. ವಿಕ್ಸ್‌ನಲ್ಲಿ ಕಟ್ಟಿದ ತಾಣವನ್ನು ಇದ್ದಂತೆಯೇ ಎತ್ತಿ ಬೇರೊಂದು ಸಂಸ್ಥೆಯಲ್ಲಿ ಇಡಲಾಗದು; ಅಲ್ಲಿ ಮತ್ತೆ ಕಟ್ಟಬೇಕು. ವರ್ಡ್‌ಪ್ರೆಸ್‌ನಲ್ಲಿ ಬರಹಗಳನ್ನೂ ಪುಟಗಳನ್ನೂ ಕಡತವಾಗಿ ಹೊರತೆಗೆದುಕೊಳ್ಳುವ ಅನುಕೂಲವಿದೆ. ಎಲ್ಲಿಯೇ ಕಟ್ಟಿದರೂ ಚಿತ್ರ, ಬೆಲೆಪಟ್ಟಿ, ಗಿರಾಕಿಗಳ ವಿವರಗಳ ಪ್ರತಿಯೊಂದು ಮನೆಯಲ್ಲಿರಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ. ವ್ಯಾಪಾರ ಬೆಳೆದಾಗ ಮೇಲಿನ ಪ್ಲಾನಿಗೆ ಏರುವುದು ಸುಲಭ. ಒಮ್ಮೆಗೇ ಕಟ್ಟಿದ ವರ್ಷದ ಹಣವನ್ನು ಮರಳಿ ಪಡೆಯುವುದು ಸುಲಭವಲ್ಲ. ಸ್ವಂತ ಹೆಸರಿಗೆ ಎಡೆ ಕೊಡುವ, ಜಾಹೀರಾತಿಲ್ಲದ, ಎಲ್ಲಕ್ಕಿಂತ ಕೆಳಗಿನ ಪ್ಲಾನಿನಿಂದ ತೊಡಗಿ, ಆರು ತಿಂಗಳ ಮಾರಾಟವನ್ನು ಕಂಡ ಮೇಲೆ ಮುಂದಿನ ಮೆಟ್ಟಿಲನ್ನು ಯೋಚಿಸಬಹುದು. ದರಪಟ್ಟಿಯ ಮುಂದೆ ಕುಳಿತಾಗ ವಾಚಕರ ಕೈಯಲ್ಲೊಂದು ಕಾಗದ, ಪೆನ್ಸಿಲು ಇರುವುದು ಒಳ್ಳೆಯದು.