ಗೆರೆ ಎಳೆದು ಮಾತಾಡುವ ಸಭೆ

ಆನ್‌ಲೈನ್ ಸಭೆಯಲ್ಲಿ ಒಬ್ಬರು ಹಂಚಿಕೊಂಡ ಪರದೆಯ ಮೇಲೆ ಉಳಿದವರೂ ಗುರುತು ಹಾಕಬಹುದು. ಇಲ್ಲವೇ ಎಲ್ಲರೂ ಸೇರಿ ಒಂದೇ ವೈಟ್‌ಬೋರ್ಡಿನಲ್ಲಿ ಬರೆಯಬಹುದು. ಇದರ ಬೇರು ಹಳೆಯದು. 1968ರ ಡಿಸೆಂಬರ್ 9ರಂದು ಕಂಪ್ಯೂಟರ್ ಸಂಶೋಧಕ ಡಗ್ಲಾಸ್ ಎಂಗಲ್‌ಬಾರ್ಟ್ ಸ್ಯಾನ್‌ಫ್ರಾನ್ಸಿಸ್ಕೋದ ವೇದಿಕೆಯಿಂದ, ಮೆನ್ಲೊ ಪಾರ್ಕಿನಲ್ಲಿದ್ದ ಸಹೋದ್ಯೋಗಿಯ ಮುಖ ನೋಡುತ್ತ ಅವರೊಂದಿಗೆ ಒಂದೇ ಪರದೆಯಲ್ಲಿ ಕೆಲಸ ಮಾಡಿ ತೋರಿಸಿದ್ದರು.

ತಮಿಳುನಾಡಿನ ತಿರುಪ್ಪೂರು ಜಿಲ್ಲೆಯ ಅವಿನಾಶಿಯಂಥ ಊರಿಗೆ ಈ ಸೌಲಭ್ಯ ಹೇಳಿ ಮಾಡಿಸಿದಂತಿದೆ. ಕೊಯಮತ್ತೂರು–ಸೇಲಂ ಹೆದ್ದಾರಿಯ ಈ ಊರು ತಿರುಪ್ಪೂರಿನ ಹೆಣಿಗೆ ಉಡುಪಿನ ಉದ್ಯಮಕ್ಕೆ ಸೇರಿದ ಸೀಮೆ. ಬಟ್ಟೆ ಹೊಲಿಯುವುದು ಇಲ್ಲಿ, ಕೊಳ್ಳುವ ಬಯರ್ ಇರುವುದು ಯುರೋಪಿನಲ್ಲೋ ಅಮೆರಿಕದಲ್ಲೋ. ಆರ್ಡರಿನೊಂದಿಗೆ ಬರುವ ಟೆಕ್ ಪ್ಯಾಕ್‌ನಲ್ಲಿ ಉಡುಪಿನ ರೇಖಾಚಿತ್ರ, ಅಳತೆ ಪಟ್ಟಿ, ಹೊಲಿಗೆಯ ವಿವರ ಎಲ್ಲವೂ ಇರುತ್ತವೆ. ಆದರೂ ಅನುಮಾನ ಉಳಿಯುತ್ತದೆ: ಎದೆಯಳತೆ ಹಿಡಿಯಬೇಕಾದ್ದು ಕಂಕುಳಿನ ನೇರಕ್ಕೋ, ಒಂದಿಂಚು ಕೆಳಗೋ? ಉದ್ದವನ್ನು ಅಳೆಯಬೇಕಾದ್ದು ಭುಜದ ತುದಿಯಿಂದಲೋ, ಕೊರಳಿನ ಬುಡದಿಂದಲೋ? ಇಮೇಲ್‌ನಲ್ಲಿ ಕೇಳಿದರೆ ಉತ್ತರ ಬರುವಷ್ಟರಲ್ಲಿ ದಿನ ಕಳೆಯುತ್ತದೆ. ಜರ್ಮನಿಯ ಗಡಿಯಾರವೇ ನಮಗಿಂತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಸಭೆಯಲ್ಲಿ ಬಯರ್ ಚಿತ್ರದ ಮೇಲೆ ಒಂದು ಗೆರೆ ಎಳೆದು, ಇಲ್ಲಿ ಆರ್ಡರ್ ನೋಡಿಕೊಳ್ಳುವ ಮರ್ಚಂಡೈಸರ್ ಅದರ ಪಕ್ಕದಲ್ಲೇ ಸೆಂಟಿಮೀಟರ್ ಬರೆದರೆ ಮಾತು ಮುಗಿಯಿತು. ಬಟ್ಟೆ ಕತ್ತರಿಸುವ ಮಾದರಿ ಸಿದ್ಧಪಡಿಸುವ ಪ್ಯಾಟರ್ನ್ ಮಾಸ್ಟರ್‌ಗೆ ಬಯರ್‌ನ ಇಂಗ್ಲಿಷ್ ತಿಳಿಯದಿದ್ದರೂ ಗೆರೆ ತಿಳಿಯುತ್ತದೆ. ತಮಿಳಿನ ಜೊತೆಗೆ ಹಿಂದಿ, ಒಡಿಯಾ ಮಾತುಗಳೂ ಕೇಳುವ ಈ ಸೀಮೆಯಲ್ಲಿ ಅದೇ ಇದರ ದೊಡ್ಡ ಬಲ.

ಬಳಸುವವರು ಒಂದು ಸಂಗತಿ ಗಮನಿಸಬೇಕು. ಝೂಮ್‌ನಲ್ಲಿ ಹಂಚಿದ ಪರದೆಯ ಮೇಲೆ ಎಳೆದ ಗುರುತು ಕಡತಕ್ಕೆ ಅಂಟಿಕೊಳ್ಳುವುದಿಲ್ಲ. ಪುಟ ಸರಿಸಿದರೂ ಗೆರೆ ಇದ್ದಲ್ಲೇ ಇರುತ್ತದೆ. ತೋಳಿಗೆ ಹಾಕಿದ ಗುರುತು ಕಾಲರಿನ ಮೇಲೆ ಬಂದು ಕೂರುತ್ತದೆ. ಆದ್ದರಿಂದ ಪುಟ ಸರಿಸುವ ಮೊದಲೇ ಗುರುತಿನ ಸಮೇತ ಪರದೆಯ ಚಿತ್ರ ಉಳಿಸಿಕೊಳ್ಳಬೇಕು. ಒಪ್ಪಿದ ಅಳತೆಯನ್ನು ಅದೇ ದಿನ ಪಟ್ಟಿಯಲ್ಲಿ ತಿದ್ದಿ, ದಿನಾಂಕ ಹಾಕಿ ಇಬ್ಬರೂ ಇಟ್ಟುಕೊಳ್ಳುವುದು ಇನ್ನೂ ಮುಖ್ಯ. ಕತ್ತರಿ ಆಡಿದ ಮೇಲೆ ತಿದ್ದುಪಡಿಗೆ ಬಟ್ಟೆಯೇ ಬೆಲೆ. ವೈಟ್‌ಬೋರ್ಡಿನಲ್ಲಿ ಬರೆದದ್ದಾದರೆ ಸಾಮಾನ್ಯವಾಗಿ ಸಭೆಯ ನಂತರವೂ ತೆರೆಯಲು ಸಿಗುತ್ತದೆ.

ಬಣ್ಣದ ವಿಷಯದಲ್ಲಿ ಮಾತ್ರ ಪರದೆಯನ್ನು ನಂಬುವಂತಿಲ್ಲ. ಒಂದೇ ಕೆಂಪು ಎರಡು ಮಾನಿಟರುಗಳಲ್ಲಿ ಎರಡು ಬಗೆಯಾಗಿ ಕಾಣುತ್ತದೆ. ಅದಕ್ಕೇ ಡೈಯಿಂಗ್ ಘಟಕದವರು ಬಣ್ಣ ಹಾಕಿದ ಚಿಕ್ಕ ತುಂಡುಗಳು, ಅಂದರೆ ಲ್ಯಾಬ್ ಡಿಪ್, ಇಂದಿಗೂ ಕೊರಿಯರ್‌ನಲ್ಲೇ ಹೋಗುತ್ತವೆ. ಬಯರ್ ಅವನ್ನು ಲೈಟ್ ಬಾಕ್ಸ್‌ನ ನಿಗದಿತ ಬೆಳಕಿನಲ್ಲಿ ನೋಡಿಯೇ ಒಪ್ಪಿಗೆ ಕೊಡುತ್ತಾರೆ. ಬಟ್ಟೆಯ ಮೃದುತ್ವವನ್ನೂ ಹಿಗ್ಗುವ ಗುಣವನ್ನೂ ಮುಟ್ಟಿಯೇ ತಿಳಿಯಬೇಕು.