ಆರೋಗ್ಯ ಕೇಂದ್ರದಲ್ಲಿ ಯಾವ ದಿನ ಏನು ಸಿಗುತ್ತದೆ?



ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಿನ್ನೆಯ ಧಾರಣೆ ಎಷ್ಟೆಂದು ನಿಮ್ಮನ್ನು ಕೇಳಿದರೆ ನಿಂತ ನಿಲುವಿನಲ್ಲೇ ಹೇಳುತ್ತೀರಿ. ಕಲ್ಯಾಣದುರ್ಗದ ಕಡೆಯವರಿಗೆ ಕಡಲೆಕಾಯಿ ಬಿತ್ತನೆಗೆ ಯಾವ ಮಳೆ ಬೇಕೆಂಬುದು ಬಾಯಿಪಾಠ. ಆದರೆ ನಿಮ್ಮೂರಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಯಾವುದು, ಅಲ್ಲಿ ಗರ್ಭಿಣಿಯರನ್ನು ನೋಡುವ ದಿನ ಯಾವುದು, ಹಾವಿನ ಮದ್ದು ಇದೆಯೇ ಎಂದು ಕೇಳಿ ನೋಡಿ. ಹತ್ತರಲ್ಲಿ ಎಂಟು ಮಂದಿ ಪಕ್ಕದವರ ಮುಖ ನೋಡುತ್ತಾರೆ.

ಕಳೆದ ವರ್ಷ ಗಡಿಯ ಹಳ್ಳಿಯೊಂದರ ರೈತರೊಬ್ಬರು ಕೆಮ್ಮುತ್ತಾ ನನ್ನ ಬಳಿ ಬಂದರು. ನಲವತ್ತು ದಾಟದ ವಯಸ್ಸು. ಕಡಲೆಕಾಯಿ ಬಿಡಿಸುವ ಕಾಲ, ಧೂಳಿನ ಕೆಮ್ಮಿರಬೇಕು ಎಂದು ನಾನೂ ಸುಮ್ಮನಾದೆ. ಆ ತಪ್ಪಿನಲ್ಲಿ ನನಗೂ ಪಾಲುಂಟು. ಅವರು ಮೂರು ತಿಂಗಳು ಊರಿನ ಆರ್.ಎಂ.ಪಿ. ಹತ್ತಿರ ಸೂಜಿ ಹಾಕಿಸಿಕೊಂಡರು, ಸುಸ್ತಾದಾಗಲೆಲ್ಲ ಗ್ಲೂಕೋಸ್ ಬಾಟ್ಲಿ ಏರಿಸಿಕೊಂಡರು, ಎರಡು ಕುರಿ ಮಾರಿದರು. ಕೊನೆಗೆ ಆಶಾ ಕಾರ್ಯಕರ್ತೆ ಗದರಿಸಿ ಕರೆದೊಯ್ದು ಕಫ ಪರೀಕ್ಷೆ ಮಾಡಿಸಿದಾಗ ಕ್ಷಯವೆಂದು ಗೊತ್ತಾಯಿತು. ಅಷ್ಟು ಹೊತ್ತಿಗೆ ಮನೆಯ ಚಿಕ್ಕ ಮಗಳೂ ಕೆಮ್ಮತೊಡಗಿದ್ದಳು.

ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಸರಕಾರಿ ಕೇಂದ್ರದಲ್ಲಿ ಪರೀಕ್ಷೆಗೆ ಹಣವಿಲ್ಲ, ಸಾಮಾನ್ಯ ಕ್ಷಯಕ್ಕೆ ಕೊಡುವ ಆರು ತಿಂಗಳ ಮಾತ್ರೆಗೂ ಹಣವಿಲ್ಲ. ರೋಗಿಯ ಪೌಷ್ಟಿಕ ಆಹಾರಕ್ಕೆಂದು ಬ್ಯಾಂಕ್ ಖಾತೆಗೆ ಹಾಕುವ ಹಣ 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1000 ಆಗಿದೆ. ಮನೆಯವರನ್ನೂ ಪರೀಕ್ಷಿಸಿ, ರೋಗವಿಲ್ಲದಿದ್ದರೆ ಬಾರದಂತೆ ತಡೆಯುವ ಮಾತ್ರೆ ಕೊಡುತ್ತಾರೆ. ಎರಡು ತಿಂಗಳಿಗೆ ಮೈ ತುಂಬಿತೆಂದು ಮಾತ್ರೆ ಬಿಟ್ಟವರ ಗತಿ ಮಾತ್ರ ಕಷ್ಟ. ರೋಗ ಮದ್ದಿಗೆ ಬಗ್ಗದಂತಾಗಿ ಮರಳಿ ಬರುತ್ತದೆ.

ಇನ್ನು ಹಾವಿನ ಮಾತು. ನಮ್ಮ ಸೀಮೆಯಲ್ಲಿ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ (ತೆಲುಗಿನವರು ರಕ್ತಪಿಂಜರಿ ಎನ್ನುವುದು), ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಮದ್ದು. ಕಚ್ಚಿದ್ದು ಯಾವುದೆಂದು ತಿಳಿಯಲು ಹಾವನ್ನು ಹುಡುಕಿ ಕೊಂದು ತರಬೇಕಾಗಿಲ್ಲ. ಹುಡುಕಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಂಡದ್ದುಂಟು. ವೈದ್ಯರು ಒಂದಿಷ್ಟು ರಕ್ತವನ್ನು ಗಾಜಿನ ನಳಿಕೆಯಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆ ಎಂದರ್ಥ. ಎಷ್ಟು ಸರಳ ಪರೀಕ್ಷೆ ನೋಡಿ! ಕಟ್ಟುಹಾವಿನದು ಬೇರೆ ರೀತಿ. ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ, ನೋವೂ ಗಾಯವೂ ಹೆಚ್ಚಿರುವುದಿಲ್ಲ. ಬೆಳಗಾಗುವಾಗ ಹೊಟ್ಟೆನೋವು, ಕಣ್ಣರೆಪ್ಪೆ ಜೋಲು, ನುಂಗಲು ಕಷ್ಟ. ಇದನ್ನು ಅಜೀರ್ಣವೆಂದೋ ಗಾಳಿ ಸೋಕಿತೆಂದೋ ತಿಳಿದು ಕಾಲ ಕಳೆದವರು ಉಳಿದಿಲ್ಲ.

ಕಚ್ಚಿದ ಕೈಯನ್ನೋ ಕಾಲನ್ನೋ ಮುರಿದ ಮೂಳೆಗೆ ದಬ್ಬೆ ಕಟ್ಟುವ ಹಾಗೆ ಅಲುಗಾಡದಂತೆ ಕಟ್ಟಿ, ರೋಗಿಯನ್ನು ನಡೆಸದೆ ಕರೆತನ್ನಿ. ಹಗ್ಗದಿಂದ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಬಳೆ, ಕಾಲ್ಬಳೆ ತೆಗೆದುಬಿಡಿ. ಮಂತ್ರ ಹಾಕುವವರ ಮನೆಗೆ ಹೋದ ಒಂದು ಗಂಟೆ ವೈದ್ಯರ ಕೈತಪ್ಪಿದ ಒಂದು ಗಂಟೆ. ವಿಷ ಏರಿದವರಿಗೆ ಮೊದಲ ಸರದಿಗೇ 8ರಿಂದ 10 ಸೀಸೆ ಮದ್ದು ಹಿಡಿಯುತ್ತದೆ. ಕೆಲವರಿಗೆ ಆ ಮದ್ದೇ ಒಗ್ಗದೆ ಉಸಿರು ಕಟ್ಟುವುದುಂಟು, ಆದ್ದರಿಂದ ವೈದ್ಯರ ಕಣ್ಣೆದುರೇ ಕೊಡಿಸಬೇಕು. ನಿಮ್ಮ ಕೇಂದ್ರದಲ್ಲಿ ಮದ್ದು ಎಷ್ಟು ಸೀಸೆ ಇದೆ, ರಾತ್ರಿ ಯಾರಿರುತ್ತಾರೆ ಎಂದು ಈಗಲೇ, ಬಿತ್ತನೆಗೆ ಮುಂಚೆಯೇ ಕೇಳಿಟ್ಟುಕೊಳ್ಳಿ. ಇಲ್ಲವೆಂದರೆ ನೇರವಾಗಿ ಹಿಂದೂಪುರದ ಸರಕಾರಿ ಆಸ್ಪತ್ರೆಗೋ ಕಲ್ಯಾಣದುರ್ಗಕ್ಕೋ ಹೋಗುವುದೆಂದು ಮೊದಲೇ ತೀರ್ಮಾನಿಸಿರಿ. ನಮ್ಮ ರಾಜ್ಯದಲ್ಲಿ 2005ರ ಆಗಸ್ಟ್ 15ರಂದು ಆರಂಭವಾದ 108 ವಾಹನಕ್ಕೆ ಕರೆ ಮಾಡಲು ಹಣ ಬೇಕಿಲ್ಲ. ಔಷಧಿ ಸಿಂಪಡಿಸುವಾಗ ತಲೆಸುತ್ತಿ ಬಿದ್ದವರನ್ನು ತರುವಾಗ ಮಾತ್ರ ಒಂದು ವಸ್ತು ಮರೆಯಬೇಡಿ: ಆ ಔಷಧಿಯ ಡಬ್ಬಿ. ವಿಷ ಯಾವುದೆಂದು ತಿಳಿದರೆ ಪ್ರತಿಮದ್ದು ಬೇಗ ಸಿಗುತ್ತದೆ.

ಇನ್ನುಳಿದ ದಿನಗಳು. ಮಕ್ಕಳ ಲಸಿಕೆಗೆ ಸಾಮಾನ್ಯವಾಗಿ ಬುಧವಾರ ಮತ್ತು ಶನಿವಾರ. ಗರ್ಭಿಣಿಯರನ್ನು ವೈದ್ಯರೇ ಪರೀಕ್ಷಿಸಲು ಪ್ರತಿ ತಿಂಗಳ 9ನೇ ತಾರೀಕು, ಇದು 2016ರಿಂದ ದೇಶಕ್ಕೆಲ್ಲ ಒಂದೇ. ರಕ್ತಹೀನತೆ, ಬಿ.ಪಿ. ಇದ್ದ ಹೆಣ್ಣುಮಕ್ಕಳು ಆ ದಿನ ತಪ್ಪಿಸಬಾರದು. ಸೊಸೆ ಗದ್ದೆ ಕೆಲಸ ಬಿಟ್ಟು ಹೋಗುತ್ತಾಳೆಂದು ಗೊಣಗುವ ಅತ್ತೆಯಂದಿರು ಇದನ್ನು ಇನ್ನೊಮ್ಮೆ ಓದಿರಿ. ಮೂವತ್ತು ದಾಟಿದವರಿಗೆ ಬಿ.ಪಿ., ಸಕ್ಕರೆ, ಜೊತೆಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಇದೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಹಿರಿಯರು ಬಾಯಿ ತೆರೆದು ತೋರಿಸಲಿ. 2023ರ ಏಪ್ರಿಲ್‌ನಲ್ಲಿ ಸರಕಾರ ಆರಂಭಿಸಿದ ಯೋಜನೆಯಲ್ಲಿ ವೈದ್ಯರೇ ತಿಂಗಳಿಗೆ ಎರಡು ಸಲ 104 ವಾಹನದಲ್ಲಿ ಹಳ್ಳಿಗೆ ಬರಬೇಕೆಂದಿತ್ತು. ನಿಮ್ಮೂರಿಗೆ ಈಗ ಬರುವ ದಿನ ಯಾವುದೆಂದು ಎ.ಎನ್.ಎಂ. ಅಕ್ಕನನ್ನು ಕೇಳಿ.

ದೊಡ್ಡ ಕಾಯಿಲೆಗೆ ಜಮೀನು ಮಾರಿ ಬೆಂಗಳೂರಿಗೆ ಹೊರಡುವ ಮುನ್ನ ಎರಡು ವಿಷಯ ತಿಳಿದಿರಲಿ. ಆರೋಗ್ಯಶ್ರೀ ಮೊಟ್ಟಮೊದಲು ಆರಂಭವಾದ ಮೂರು ಜಿಲ್ಲೆಗಳಲ್ಲಿ ನಮ್ಮ ಅನಂತಪುರವೂ ಒಂದು (2007). ಹೆಸರು ಸರಕಾರದೊಂದಿಗೆ ಬದಲಾಗುತ್ತದೆ, ಈಗ ಎನ್.ಟಿ.ಆರ್. ವೈದ್ಯ ಸೇವೆ ಎನ್ನುತ್ತಾರೆ. 2022ರಲ್ಲಿ ಜಿಲ್ಲೆ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದರೂ ಯೋಜನೆ ಎರಡು ಕಡೆಗೂ ಒಂದೇ. ಎರಡನೆಯದು, ಬಾರ್ಸಿಲೋನಾದಿಂದ ಬಂದು, ಒಮ್ಮೆ ಯೇಸುಸಭೆಯಲ್ಲಿದ್ದು, 1969ರಲ್ಲಿ ಅನಂತಪುರಕ್ಕೆ ಬಂದ ವಿನ್ಸೆಂಟ್ ಫೆರರ್ ಅವರ ಗ್ರಾಮೀಣಾಭಿವೃದ್ಧಿ ಟ್ರಸ್ಟ್ ಕಲ್ಯಾಣದುರ್ಗ, ಕಣೇಕಲ್ಲು ಮತ್ತು ಬತ್ತಲಪಲ್ಲಿಯಲ್ಲಿ ಆಸ್ಪತ್ರೆಗಳನ್ನು ಕಟ್ಟಿತು. 2009ರಲ್ಲಿ ತೀರಿಕೊಂಡ ಅವರ ಸಮಾಧಿ ಬತ್ತಲಪಲ್ಲಿಯಲ್ಲೇ ಇದೆ. ಇಲ್ಲಿ ಯಾವ ದಿನ ಯಾವ ವಿಭಾಗ ತೆರೆದಿರುತ್ತದೆ ಎಂದು ಫೋನು ಮಾಡಿಯೇ ಹೊರಡಿ. ಬಸ್ಸಿನ ಖರ್ಚು, ಒಂದು ದಿನದ ಕೂಲಿ ಉಳಿಯುತ್ತದೆ.

ಮಡಕಶಿರಾ, ರೊಳ್ಳ, ಅಮರಾಪುರ ಕಡೆಯ ಕನ್ನಡದ ಮನೆಗಳಿಗೆ ಒಂದು ಮಾತು. ಚೀಟಿ ತೆಲುಗಿನಲ್ಲಿದೆ, ವೈದ್ಯರು ಹೇಳಿದ್ದು ಪೂರ್ತಿ ಅರ್ಥವಾಗಲಿಲ್ಲ ಎಂದು ನಾಚಿ ತಲೆಯಾಡಿಸಿ ಬರಬೇಡಿ. ಶಾಲೆಗೆ ಹೋಗುವ ಮಗುವನ್ನು ಜೊತೆಗೆ ಕರೆದೊಯ್ದು ಮಾತ್ರೆ ಬೆಳಿಗ್ಗೆಯೋ ರಾತ್ರಿಯೋ, ಊಟಕ್ಕೆ ಮೊದಲೋ ಆಮೇಲೋ ಎಂದು ಬರೆಸಿಕೊಳ್ಳಿ. ಹಳೆಯ ಚೀಟಿಗಳನ್ನೆಲ್ಲ ಪಟ್ಟಾ ಪುಸ್ತಕ ಇಡುವ ಪೆಟ್ಟಿಗೆಯಲ್ಲೇ ಇಡಿ.

ಆ ರೈತರಿಗೆ ಈಗ ಮಾತ್ರೆ ಮುಗಿದಿದೆ, ಕಫ ಪರೀಕ್ಷೆಯಲ್ಲಿ ಏನೂ ಕಾಣಿಸಲಿಲ್ಲ. ಮಗಳಿಗೆ ಕ್ಷಯವಿರಲಿಲ್ಲ, ತಡೆಮಾತ್ರೆಯನ್ನು ಪೂರ್ತಿ ನುಂಗಿಸಿದ್ದಾರೆ. ಮಾರಿದ ಎರಡು ಕುರಿಗಳ ಬದಲಿಗೆ ಒಂದನ್ನು ಮೊನ್ನೆ ಕೊಂಡರಂತೆ.